ಬಿಟ್ಟ ಹಣ್ಣು

ಮೈಸೂರಿನ ಗೋಕುಲಂನ ಆ ಮನೆಯ ತಾರಸಿಯ ಮೇಲೆ ಮೂರು ಟೊಮೆಟೊ ಗಿಡಗಳಿದ್ದವು. ಆ ಮೂರಕ್ಕೂ ಮನೆಯಲ್ಲಿ ಸೊಸೆಗಿಂತ ಒಂದು ಕೈ ಹೆಚ್ಚೇ ಮರ್ಯಾದೆ ಸಿಗುತ್ತಿತ್ತು. ಸುಳ್ಳು ಹೇಳಿ ನನಗೇನಾಗಬೇಕು? ಸೊಸೆ ಸುಷ್ಮಿತಾಗೆ ಚಳಿಜ್ವರ ಬಂದಾಗ ಅತ್ತೆ ಬೀರಮ್ಮ ಒಂದು ಲೋಟ ಮೆಣಸಿನ ಕಷಾಯ ಕೈಗಿಟ್ಟು, “ಕುಡ್ದು ಮನಿಕೊ, ಬೆಳಗ್ಗೆ ಹೊತ್ಗೆ ಹೊಂಟೋಯ್ತದೆ” ಎಂದಿದ್ದಳು, ಅಷ್ಟೆ. ಅದೇ ಗಿಡದ ಎಲೆ ಮುರುಟಿದಾಗ ಎರಡು ದಿನ ಅವಳ ಗಂಟಲಲ್ಲಿ ಮುದ್ದೆ ಇಳಿದಿರಲಿಲ್ಲ.

ಆದರೆ ಹಣ್ಣೂ ಅಂಥದ್ದೇ ಬಿಡಿ. ಒಂದೊಂದೂ ಅರ್ಧ ಕೆ.ಜಿ.ಗೆ ಕಡಿಮೆಯಿಲ್ಲ. ಮೈಯೆಲ್ಲ ಕುಂಬಳಕಾಯಿಯಂತೆ ಪಕ್ಕೆ ಪಕ್ಕೆ, ತೊಟ್ಟಿನ ಹತ್ತಿರ ಸೊಟ್ಟಸೊಟ್ಟ, ನೋಡಲು ಏನೂ ಚೆಂದವಿಲ್ಲ. ಕುಯ್ದರೆ ಮಾತ್ರ ಒಳಗೆ ಬರೀ ತಿರುಳು, ಬೀಜ ಅಲ್ಲೊಂದು ಇಲ್ಲೊಂದು. ಅಡ್ಡಡ್ಡ ಹೆಚ್ಚಿದ ಒಂದು ಬಿಲ್ಲೆ ಊಟದ ತಟ್ಟೆಯ ಅರ್ಧ ಮುಚ್ಚುತ್ತಿತ್ತು. ಮನೆಯಲ್ಲಿ ಅದಕ್ಕೆ ‘ಬಂಗ್ಲೆ ಹಣ್ಣು’ ಎಂದೇ ಹೆಸರು.

ಹೆಸರಿನ ಕತೆಯನ್ನು ಬೀರಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳ ಗಂಡನ ತಾತ ಜವರಯ್ಯ ಮೈಸೂರಿನಲ್ಲಿ ಒಬ್ಬ ಬಿಳಿ ಡಾಕ್ಟರ ಬಂಗಲೆಯಲ್ಲಿ ಮಾಲಿಯಾಗಿದ್ದನಂತೆ. ದೊರೆಸಾನಿ ಬೀಜವನ್ನು ಎಣಿಸಿ ಕೊಟ್ಟು, ಮೊಳೆತ ಸಸಿಯನ್ನೂ ಎಣಿಸಿಕೊಳ್ಳುತ್ತಿದ್ದಳಂತೆ. ಜವರಯ್ಯ ಏನು ಕಮ್ಮಿ ಆಸಾಮಿಯೇ? ಅಡುಗೆಮನೆಯಲ್ಲಿ ಹಣ್ಣು ಹೆಚ್ಚಿದ ಮಣೆಯ ಮೇಲೆ ಅಂಟಿದ್ದ ನಾಲ್ಕು ಬೀಜವನ್ನು ಪೇಟದ ಚುಂಗಿಗೆ ಒರೆಸಿಕೊಂಡು ತನ್ನೂರು ಕಡಕೊಳಕ್ಕೆ ನಡೆದುಬಂದ. ಅಂದಿನಿಂದ ಹೊಲದ ಬದುವಿನಲ್ಲಿ ವರ್ಷಾವರ್ಷ ಬಂಗ್ಲೆ ಹಣ್ಣು. ಆ ಹೊಲದ ಮೇಲೆ ಈಗ ಕಾರ್ಖಾನೆಯ ಶೆಡ್ಡು ಎದ್ದಿದೆ, ಬೀರಮ್ಮನ ಮಗ ವಿಜಯ್‌ಕುಮಾರ್ ಅಲ್ಲೇ ಸೂಪರ್‌ವೈಸರ್. “ಅಪ್ಪ ನೇಗ್ಲು ಹೊಡೆದ ಜಾಗದಲ್ಲೇ ಮಗ ಹಾಜ್ರಿ ಪಂಚ್ ಹೊಡೀತಾನೆ” ಎಂದು ಬೀರಮ್ಮ ನಗುತ್ತಿದ್ದಳು. ಹೊಲ ಹೋದರೂ ಬೀಜ ಹೋಗಿರಲಿಲ್ಲ, ಅದಕ್ಕೇ ನಗು.

ಆ ಬೀಜ ಒಂದು ತಗಡಿನ ಪೌಡರ್ ಡಬ್ಬಿಯಲ್ಲಿ ಇರುತ್ತಿತ್ತು. ಅದು ಅತ್ತೆಯಿಂದ ಸೊಸೆಗೆ ಬರುವ ಡಬ್ಬಿ. ಬೀರಮ್ಮನ ಅತ್ತೆ ಅದನ್ನು ಮದುವೆಯಾದ ವರ್ಷವೇ ಬೀರಮ್ಮನ ಕೈಗೆ ಕೊಟ್ಟಿದ್ದಳು. ಸುಷ್ಮಿತಾ ಈ ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ಡಬ್ಬಿ ಇನ್ನೂ ಬೀರಮ್ಮನ ಟ್ರಂಕಿನಲ್ಲೇ ಇತ್ತು. ಈ ವಿಷಯ ಸುಷ್ಮಿತಾಗೆ ಒಳಗೊಳಗೇ ಚುಚ್ಚುತ್ತಿತ್ತು. ಡಬ್ಬಿ ಕೈಗೆ ಬರುವವರೆಗೆ ತಾನು ಈ ಮನೆಗೆ ಬಂದ ನೆಂಟಳೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಬೀರಮ್ಮನಿಗೂ ಕಾರಣವಿಲ್ಲದೆ ಇರಲಿಲ್ಲ. ಮೊದಲ ವರ್ಷ ಸುಷ್ಮಿತಾ ಬಂಗ್ಲೆ ಹಣ್ಣನ್ನು ಫ್ರಿಜ್ಜಿಗೆ ಇಟ್ಟಳು. “ತಣ್ಣಗಿರೋ ಪೆಟ್ಗೇಲಿ ಮಡಗಿದ್ದೀಯಲ್ಲವ್ವ, ಅದೇನು ಹೆಣವಾ?” ಎಂದು ಬೀರಮ್ಮ ಬೀದಿಗೆ ಕೇಳುವಂತೆ ಕೂಗಾಡಿದಳು. ಎರಡನೇ ವರ್ಷ ಮಿಕ್ಸಿಗೆ ಹಾಕಿ ಸೂಪು ಮಾಡಿದಳು. ಆ ಸಲ ಬೀರಮ್ಮ ಕೂಗಾಡಲೂ ಇಲ್ಲ, ಸುಮ್ಮನೆ ಎದ್ದು ಹೋಗಿ ಟ್ರಂಕಿಗೆ ಬೀಗ ಹಾಕಿಕೊಂಡಳು.

ಸುಷ್ಮಿತಾ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅಲ್ಲಿ ಲೇಬಲ್ ಇಲ್ಲದ ಸೀಸೆಯನ್ನು ಯಾರೂ ಮುಟ್ಟುವಂತಿಲ್ಲ. ಅದೇ ಅಭ್ಯಾಸದಲ್ಲಿ ಅಡುಗೆಮನೆಯ ಡಬ್ಬಗಳಿಗೂ ತೊಗರಿಬೇಳೆ, ಕಡಲೆಬೇಳೆ, ರಾಗಿಹಿಟ್ಟು ಎಂದು ಚೀಟಿ ಅಂಟಿಸಿದ್ದಳು. “ಬ್ಯಾಳೆ ಕಂಡ್ರೆ ಬ್ಯಾಳೆ ಅಂತ ಗೊತ್ತಾಗಾಕಿಲ್ವಾ ನಿಂಗೆ?” ಎಂದು ಬೀರಮ್ಮ ಮೂಗು ಮುರಿಯುತ್ತಿದ್ದಳು. ಪಕ್ಕದ ಮನೆಯ ತಾರಸಿಯಲ್ಲಿ ಯೋಗ ಕಲಿಯಲು ಬಂದಿದ್ದ ಬಿಳಿ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಾ ಈ ಹಣ್ಣನ್ನು ಕಂಡು, “ಓ, ಬೀಫ್‌ಸ್ಟೇಕ್!” ಎಂದು ಕೂಗಿದಳು. “ಏನಂತೆ ಅವ್ಳಿಗೆ?” ಎಂದು ಬೀರಮ್ಮ ಕೇಳಿದಾಗ ಸುಷ್ಮಿತಾ ಒಂದು ಕ್ಷಣ ಯೋಚಿಸಿ, “ದಪ್ಪ ತುಂಡು ಅಂತ ಅತ್ತೆ” ಎಂದು ಜಾರಿಕೊಂಡಳು. ಪೂರ್ತಿ ಅರ್ಥ ಹೇಳಿದ್ದರೆ ಆ ಸಂಜೆ ಗಿಡಕ್ಕೆ ಅರಿಶಿನದ ನೀರಿನ ಸ್ನಾನ ಆಗುತ್ತಿತ್ತು.

ಈ ವರ್ಷದ ಸಂಗತಿ ಸ್ವಲ್ಪ ಬೇರೆ. ಮಳೆಗಾಲದ ಥಂಡಿ ಡಬ್ಬಿಯೊಳಗೆ ಇಳಿದು ಬೀಜಕ್ಕೆ ಬೂಷ್ಟು ಹಿಡಿದಿತ್ತು. ದಸರಾ ಮುಗಿದ ಮೇಲೆ ಬೀರಮ್ಮ ಇದ್ದಬದ್ದದ್ದನ್ನೆಲ್ಲ ಹಾಕಿದರೂ ಮೊಳೆತದ್ದು ಮೂರೇ ಮೂರು. ಡಬ್ಬಿ ಖಾಲಿ. ಅತ್ತೆಯ ಮುಖ ಸಣ್ಣಗಾದದ್ದು ನೋಡಿ ಸುಷ್ಮಿತಾಗೆ ಪಾಪ ಅನ್ನಿಸಿತು. ಅಂದಿನಿಂದ ಅವಳೂ ಗಿಡದ ಚಾಕರಿಗೆ ನಿಂತಳು. ಕೋಲು ನೆಟ್ಟಳು, ಹಳೇ ಪಂಚೆ ಹರಿದು ಕಟ್ಟಿದಳು, ಸಗಣಿ ಗೊಬ್ಬರದ ನೀರು ಹೊತ್ತಳು. ಸಂಕ್ರಾಂತಿ ಕಳೆದ ಮೇಲೆ ಹಣ್ಣು ಶುರುವಾಯಿತು ನೋಡಿ, ಅಬ್ಬಬ್ಬಾ! ಎರಡು ತಿಂಗಳು ಆ ಮನೆಯಲ್ಲಿ ಹಬ್ಬವೋ ಹಬ್ಬ.

ಬೀರಮ್ಮ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸುಟ್ಟ ಹಣ್ಣಿನ ಗೊಜ್ಜು ಕಲಿಸಿದಳು. ಒಲೆಯ ಮೇಲೆ ಜಾಲರಿಯಿಟ್ಟು, ಸಿಪ್ಪೆ ಕಪ್ಪಾಗಿ ಬಿರಿದು ರಸ ಚುರ್ ಚುರ್ ಎನ್ನುವವರೆಗೆ ಹಣ್ಣನ್ನು ಸುಡಬೇಕು. ಜೊತೆಗೆ ನಾಲ್ಕು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ. ಸಿಪ್ಪೆ ಸುಲಿದು, ಕಲ್ಲುಪ್ಪು ಹಾಕಿ ಕೈಯಲ್ಲೇ ಕಿವುಚಬೇಕು. ಈರುಳ್ಳಿ, ಕೊತ್ತಂಬರಿ ಹಸಿಯಾಗಿಯೇ ಸೇರಬೇಕು. ಮಿಕ್ಸಿ ಆ ದಿಕ್ಕಿಗೆ ಸುಳಿಯಕೂಡದು. ಬಿಸಿ ಮುದ್ದೆ ಮುರಿದು ಆ ಗೊಜ್ಜಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಹೊಗೆಯ ವಾಸನೆ, ಸಿಹಿ, ಖಾರ ಎಲ್ಲ ಒಟ್ಟಿಗೇ ನಾಲಿಗೆ ಹಿಡಿಯುತ್ತಿತ್ತು. ಅರೆಹಣ್ಣಾದ ದೋರೆಗಾಯಿಯನ್ನು ದಪ್ಪ ಬಿಲ್ಲೆ ಹೆಚ್ಚಿ, ಅಕ್ಕಿಹಿಟ್ಟು ಖಾರದಪುಡಿ ಸವರಿ ಕಾವಲಿಯ ಮೇಲೆ ಬೇಯಿಸಿದರೆ ವಿಜಯ್‌ಕುಮಾರ್ ಒಲೆಯ ಪಕ್ಕದಿಂದ ಏಳುತ್ತಲೇ ಇರಲಿಲ್ಲ. ಸಾರಿಗೆ ಮಾತ್ರ ಇದು ಆಗದು, ಹುಳಿ ಸಾಲದು. ಅದಕ್ಕೆ ಮಾರ್ಕೆಟ್ಟಿನ ನಾಟಿ ಹಣ್ಣೇ ಸರಿ.

ಮಾರ್ಚ್ ಮೊದಲ ವಾರ ನಂಜನಗೂಡಿನಿಂದ ಫೋನು ಬಂತು. ಬೀರಮ್ಮನ ಮಗಳು ಗಗನಳ ಅತ್ತೆ ಕಾಲು ಜಾರಿ ಬಿದ್ದು ಮೂಳೆ ಮುರಿದುಕೊಂಡಿದ್ದರು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಬೀರಮ್ಮ ಬಟ್ಟೆ ಗಂಟು ಕಟ್ಟಿದಳು. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಕೂತು ಕೆಳಗೆ ನಿಂತಿದ್ದ ಸುಷ್ಮಿತಾಗೆ ಹೇಳಿದಳು:

“ಮಿಕ್ಕ ಹಣ್ಣೆಲ್ಲ ತಿನ್ಕೊಳಿ. ಒಂದಕ್ಕೆ ಹಳದಿ ಬಟ್ಟೆ ಕಟ್ಟಿವ್ನಿ ನೋಡು, ಅದ ಕೀಳ್ಬ್ಯಾಡ. ಅದು...”

ಅಷ್ಟರಲ್ಲಿ ಡ್ರೈವರು ಹಾರನ್ ಒತ್ತಿ ಹಿಡಿದ. ಮಧ್ಯದ ಮಾತು ಹಾರನ್ನಿನಲ್ಲಿ ಮುಳುಗಿಹೋಯಿತು. ಕೇಳಿಸಿದ್ದು ಬಾಲ ಮಾತ್ರ: “...ಬುಟ್ಟಿರೋದು ಕಣವ್ವ!”

ಬಸ್ಸು ಹೋಯಿತು. ಸುಷ್ಮಿತಾ ಕೈಬೀಸಿದಳು.

ಬಿಟ್ಟಿರೋದು! ಪೇಟೆಯಲ್ಲಿ ಹುಟ್ಟಿ ಬೆಳೆದ ಸುಷ್ಮಿತಾಗೆ ಆ ಮಾತಿಗೆ ಗೊತ್ತಿದ್ದದ್ದು ಒಂದೇ ಅರ್ಥ. ದೇವರಿಗೆ ಬಿಟ್ಟ ಬಸವ, ದೇವರಿಗೆ ಬಿಟ್ಟ ಕೂದಲು. ಮೇಲೆ ಹಳದಿ ಬಟ್ಟೆ ಬೇರೆ. ಅವಳ ತಾಯಿ ಹರಕೆ ಹೊತ್ತಾಗಲೆಲ್ಲ ಅರಿಶಿನದ ಬಟ್ಟೆಯಲ್ಲಿ ನಾಣ್ಯವಿಟ್ಟು ಮುಡಿಪು ಕಟ್ಟುತ್ತಿದ್ದಳು. ಮನೆಗೆ ಬಂದು ತಾರಸಿ ಹತ್ತಿ ನೋಡಿದರೆ ಮಧ್ಯದ ಗಿಡದ ಕೆಳಗೊಂಚಲಿನಲ್ಲಿ, ಎಲ್ಲಕ್ಕಿಂತ ದೊಡ್ಡ ಹಣ್ಣಿನ ತೊಟ್ಟಿಗೆ ಹಳದಿ ಪಟ್ಟಿ. ಲೇಬಲ್ ಅಂದರೆ ಲೇಬಲ್. ಅತ್ತೆ ಚಾಮುಂಡವ್ವನಿಗೆ ಹರಕೆ ಹೊತ್ತಿದ್ದಾರೆ ಎಂದು ಅವಳು ಅಲ್ಲೇ ತೀರ್ಮಾನಿಸಿ ಹಣ್ಣಿಗೆ ಕೈಮುಗಿದಳು.

ಮೂರು ವಾರ ಅವಳು ಆ ಹಣ್ಣನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬಿಸಿಲು ಏರುತ್ತಿತ್ತು, ಗಿಡಗಳು ಬುಡದಿಂದ ಒಣಗುತ್ತಾ ಬಂದವು, ಮಿಕ್ಕ ಹಣ್ಣೆಲ್ಲ ಗಂಡ ಹೆಂಡತಿಯ ಹೊಟ್ಟೆ ಸೇರಿತು. ಸಿಪ್ಪೆ ಬೀಜವೆಲ್ಲ ಪಾಲಿಕೆಯ ಕಸದ ಗಾಡಿಗೆ ಹೋಯಿತು. ಉಳಿದದ್ದು ಅದೊಂದೇ. ಕೆಂಪೇರಿ, ಮೆತ್ತಗಾಗಿ, ತೊಟ್ಟಿನ ಬಳಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಯುಗಾದಿಗೆ ಇನ್ನು ಎರಡೇ ದಿನ ಇರುವಾಗ, ಶುಕ್ರವಾರ ಬೆಳಗ್ಗೆ ಒಂದು ಅಳಿಲು ಕೋಲಿನ ಮೇಲೆ ಕೂತು ಹಣ್ಣನ್ನೇ ನೋಡುತ್ತಿತ್ತು. ದೇವರಿಗೆ ಬಿಟ್ಟದ್ದನ್ನು ಅಳಿಲು ಎಂಜಲು ಮಾಡಿದರೆ ಏನು ಗತಿ? ಅವತ್ತು ಅವಳಿಗೆ ಲ್ಯಾಬಿನ ರಜೆ ಬೇರೆ. ಅತ್ತೆ ಬರುವಷ್ಟರಲ್ಲಿ ಹರಕೆ ತೀರಿಸಿಬಿಟ್ಟರೆ ಎಷ್ಟು ಖುಷಿಪಟ್ಟಾರು!

ರಾತ್ರಿಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಅಲುಗಿಸಿದಳು.

“ರೀ, ಅತ್ತೆ ಹರಕೆ ಹಣ್ಣು ಬೆಟ್ಟಕ್ಕೆ ಕೊಟ್ಟು ಬರ್ಲಾ?”

“ಹೂಂ.”

“ಕಿತ್ರೆ ಬೈಯಲ್ಲ ಅಲ್ವಾ?”

“ಹೂಂ.”

“ನಿಮ್ಮ ತಲೆ ಮೇಲೆ ಕಲ್ಲು ಹಾಕ್ಲಾ?”

“ಹೂಂ, ಹುಷಾರು.”

ಸ್ನಾನ ಮಾಡಿ, ಹಣ್ಣನ್ನು ಹಳದಿ ಬಟ್ಟೆಯ ಸಮೇತ ಕಿತ್ತು, ರವಿಕೆ ಕಣದಲ್ಲಿ ಇಟ್ಟುಕೊಂಡು ಹೊರಟಳು. ಹರಕೆಯೆಂದ ಮೇಲೆ ಸ್ಕೂಟರಿನಲ್ಲಿ ಮೇಲಕ್ಕೆ ಹೋಗುವುದು ಸರಿಯಲ್ಲವೆಂದು ಚಾಮುಂಡವ್ವನ ಬೆಟ್ಟದ ಪಾದದ ಬಳಿ ಗಾಡಿ ನಿಲ್ಲಿಸಿ, ಸಾವಿರ ಮೆಟ್ಟಿಲನ್ನೂ ಹತ್ತಿದಳು. ಹಸುಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಣ್ಣು ಹಿಡಿದು ಹತ್ತುವವಳನ್ನು ನೋಡಿ ಜನ ದಾರಿ ಬಿಟ್ಟರು. ಗುಡಿಯಲ್ಲಿ ಅರ್ಚಕರು ಬಗ್ಗಿ ನೋಡಿ, “ಇದೇನಮ್ಮ, ಟೊಮೆಟೊ ಹಣ್ಣಾ?” ಎಂದರು.

“ನಮ್ಮತ್ತೆ ಮುಡಿಪು.”

“ಇರಲಿ ಬಿಡಿ, ತಾಯಿಗೆ ಯಾವ ಹಣ್ಣಾದರೇನು” ಎಂದು ನಗುತ್ತಾ ಕುಂಕುಮ ಇಟ್ಟು, ಅರ್ಪಿಸಿ, ತೆಂಗಿನಕಾಯಿ ಹೋಳಿನ ಜೊತೆ ಹಣ್ಣನ್ನೂ ಪ್ರಸಾದವೆಂದು ತಟ್ಟೆಗೆ ವಾಪಸ್ಸಿಟ್ಟರು.

ಇಲ್ಲೇ ಎಡವಟ್ಟಾಯಿತು. ಮುಡಿಪು ಮನೆಗೆ ವಾಪಸ್ ಬರಕೂಡದು ಎಂಬುದು ಸುಷ್ಮಿತಾಳ ತಾಯಿಯ ಕಟ್ಟಪ್ಪಣೆ. ಹಣ್ಣು ಹಿಡಿದುಕೊಂಡೇ ಇಳಿಯುತ್ತಾ ಬಂದವಳು ಮೆಟ್ಟಿಲ ದಾರಿಯ ದೊಡ್ಡ ನಂದಿ ವಿಗ್ರಹದ ಹತ್ತಿರ ಸುಸ್ತಾಗಿ ನಿಂತಳು. ಅಲ್ಲಿ ಚೆಲುವಮ್ಮ ಎಂಬ ಹೆಂಗಸು ಗಾಡಿಯಲ್ಲಿ ಚುರುಮುರಿ, ಟೊಮೆಟೊ ಸ್ಲೈಸು ಮಾರುತ್ತಾಳೆ, ಪಕ್ಕದಲ್ಲಿ ಇದ್ದಲ ಒಲೆಯಿಟ್ಟು ಮುಸುಕಿನ ಜೋಳವನ್ನೂ ಸುಡುತ್ತಾಳೆ. “ಬಾ ಮಗ, ಬೆವ್ತೋಗಿದ್ದೀಯ, ನೀರು ಕುಡಿ” ಎಂದು ಅವಳೇ ಕರೆದು ಚೊಂಬು ಕೊಟ್ಟಳು. ನೀರು ಕುಡಿದ ಸುಷ್ಮಿತಾಗೆ ಇವಳಿಗಿಂತ ಯೋಗ್ಯರು ಸಿಗಲಾರರು ಎನಿಸಿತು.

“ತಾಯಿ ಪ್ರಸಾದ. ನೀವೇ ಇಟ್ಕೊಳಿ ಅಮ್ಮ.”

ಚೆಲುವಮ್ಮ ಹಣ್ಣನ್ನು ನೋಡಿದಳು. ತೊಟ್ಟಿನ ಹಳದಿ ಬಟ್ಟೆಯನ್ನು ಮುಟ್ಟಿ ನೋಡಿದಳು. ಆಮೇಲೆ ಸುಷ್ಮಿತಾಳನ್ನು ಮೇಲಿಂದ ಕೆಳಗೆ ನೋಡಿದಳು.

“ಇದ ನಂಗೆ ಕೊಡ್ತಾ ಇದ್ದೀಯಾ? ದಿಟವಾಗ್ಲೂ?”

“ದಿಟವಾಗ್ಲೂ.”

ಚೆಲುವಮ್ಮ ಹಣ್ಣನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಒಂದು ಟೊಮೆಟೊಗೆ ಇಷ್ಟೊಂದು ಭಕ್ತಿಯೇ ಎಂದು ಸುಷ್ಮಿತಾಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಹಗುರಾದ ಮನಸ್ಸಿನಿಂದ ಮೆಟ್ಟಿಲಿಳಿದು ಮನೆಗೆ ಬಂದಳು.

ಮಧ್ಯಾಹ್ನ ಹನ್ನೆರಡೂವರೆಗೆ ಅತ್ತೆಯ ಫೋನು.

“ಸುಸ್ಮಿ, ಸಂಜೆ ಬಸ್ಸಿಗೆ ಬತ್ತಾ ಇವ್ನಿ. ಬೀಜದ ಹಣ್ಣು ಎಂಗದೆ? ಉದುರೋಗಿಲ್ಲ ತಾನೆ?”

“ಯಾವ ಬೀಜದ ಹಣ್ಣು ಅತ್ತೆ?”

“ಅಯ್ಯೋ ನಿನ್ನ, ಹಳದಿ ಬಟ್ಟೆ ಕಟ್ಟಿಲ್ವಾ? ಬೀಜಕ್ಕೆ ಬುಟ್ಟ ಹಣ್ಣಿಗೆ ಬಟ್ಟೆ ಕಟ್ದೆ ಇನ್ನೇನು ಸರ ಹಾಕ್ತಾರಾ? ಅದೊಂದೇ ಕಣವ್ವ ಉಳ್ದಿರೋದು. ಜ್ವಾಪಾನ.”

ಸುಷ್ಮಿತಾಳ ಬಾಯಿಯಿಂದ ಅವಳಿಗೇ ಗೊತ್ತಿಲ್ಲದಂತೆ ಒಂದು ಸುಳ್ಳು ಬಂತು: “ಇ...ದೆ ಅತ್ತೆ. ಚೆನ್ನಾಗಿದೆ.”

ನಾಲ್ಕು ತಲೆಮಾರು! ಪೇಟದ ಚುಂಗಿನಲ್ಲಿ ಬಂದದ್ದು, ಹೊಲ ಹೋದಾಗಲೂ ಹೋಗದೆ ಉಳಿದದ್ದು, ತನ್ನ ಕೈಯಲ್ಲಿ ಚುರುಮುರಿ ಗಾಡಿ ಸೇರಿತು. ಡಬ್ಬಿಯ ಮಾತು ಹಾಗಿರಲಿ, ಇನ್ನು ಅತ್ತೆಯ ಮುಖ ಹೇಗೆ ನೋಡುವುದು? ಚಪ್ಪಲಿ ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದವಳು ಈ ಸಲ ಮೆಟ್ಟಿಲು ಗಿಟ್ಟಿಲು ಎನ್ನದೆ ನೇರ ರಸ್ತೆಯಲ್ಲೇ ಬೆಟ್ಟ ಹತ್ತಿದಳು. ದಾರಿಯುದ್ದಕ್ಕೂ ಬೇಡಿಕೊಂಡದ್ದು ಒಂದೇ: ತಾಯೀ, ಚೆಲುವಮ್ಮ ಅದನ್ನು ಇನ್ನೂ ಹೆಚ್ಚಿರಬಾರದು.

ನಂದಿಯ ಹತ್ತಿರ ತಲುಪಿದಾಗ ಗಾಡಿಯ ಸುತ್ತ ಎಂಟು ಹತ್ತು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಮುತ್ತುಗದ ಎಲೆ, ಎಲೆಯ ಮೇಲೆ ಕೆಂಪು ಬಿಲ್ಲೆ, ಬಿಲ್ಲೆಯ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ. ಆ ಗಾತ್ರದ ಬಿಲ್ಲೆ ಜಗತ್ತಿನಲ್ಲಿ ಇನ್ನಾವ ಟೊಮೆಟೊದಿಂದಲೂ ಬರಲಾರದು. ಬಿಳಿ ಪಂಚೆಯ ಒಬ್ಬ ಯಜಮಾನರು ಕೊನೆಯ ಬಿಲ್ಲೆಯನ್ನು ಬಾಯಿಗೆ ಎತ್ತುತ್ತಿದ್ದರು.

“ತಿನ್ಬೇಡಿ!” ಎಂದು ಸುಷ್ಮಿತಾ ಹೆಲ್ಮೆಟ್ಟಿನೊಳಗಿನಿಂದಲೇ ಕಿರುಚಿದಳು.

ಯಜಮಾನರು ಬೆಚ್ಚಿ ಗುಳುಕ್ಕನೆ ನುಂಗಿಬಿಟ್ಟರು. “ಯಾಕಮ್ಮ, ಏನಾಗಿತ್ತು ಅದಕ್ಕೆ?” ಎಂದು ಎದೆ ಹಿಡಿದುಕೊಂಡರು.

“ಬೀಜ... ಅದರಲ್ಲಿ ಬೀಜ ಇತ್ತಾ?”

“ನೋಡ್ಕೊಂಡು ತಿನ್ನೋಕೆ ನೀನೆಲ್ಲಿ ಬಿಟ್ಟೆ ತಾಯಿ? ರುಚಿ ಮಾತ್ರ ಭರ್ಜರಿಯಾಗಿತ್ತು.”

ಸುಷ್ಮಿತಾ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತು, ಹೆಲ್ಮೆಟ್ಟನ್ನೂ ತೆಗೆಯದೆ ಗೊಳೋ ಎಂದು ಅಳಲು ಶುರುಮಾಡಿದಳು. ಚೆಲುವಮ್ಮ ಗಾಡಿ ಬಿಟ್ಟು ಓಡಿ ಬಂದಳು.

“ಯಾಕವ್ವ, ಯಾಕೆ? ಪ್ರಸಾದನ ನಾ ಮಾರ್ಲಿಲ್ಲ ಕಣೆ, ಚಾಮುಂಡವ್ವನಾಣೆ! ಬಂದೋರ್ಗೆಲ್ಲ ಒಂದೊಂದು ತುಂಡು ಹಂಚ್ಬುಟ್ಟೆ, ಅಷ್ಟೆ.”

ಬಿಕ್ಕುತ್ತಾ ಬಿಕ್ಕುತ್ತಾ ಸುಷ್ಮಿತಾ ಎಲ್ಲವನ್ನೂ ಹೇಳಿದಳು. ಹಾರನ್ನು, ಹಳದಿ ಬಟ್ಟೆ, ಖಾಲಿ ಡಬ್ಬಿ, ಸಂಜೆಯ ಬಸ್ಸು. ಕೇಳುತ್ತಾ ಕೇಳುತ್ತಾ ಚೆಲುವಮ್ಮನ ಹೊಟ್ಟೆ ಕುಲುಕತೊಡಗಿತು. ಆಮೇಲೆ ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮುಚ್ಚಿಕೊಂಡದ್ದೂ ಸಾಲದೆ, ಬೆಟ್ಟಕ್ಕೆಲ್ಲ ಕೇಳುವಂತೆ ನಕ್ಕಳು.

“ಮುಡಿಪು ಅಂದ್ಕೊಂಡ್ಯಾ? ಅಯ್ಯೋ ನಿನ್ನ ಮನೆ ಚೆನ್ನಾಗಿರ! ಬಾ ಇಲ್ಲಿ.”

ಕೈಹಿಡಿದು ಎಳೆದುಕೊಂಡು ಹೋಗಿ ಗಾಡಿಯ ಕೆಳಗಿನ ಹಲಗೆಯನ್ನು ತೋರಿಸಿದಳು. ಅಲ್ಲಿ ನೆರಳಿನಲ್ಲಿ ಒಂದು ನ್ಯೂಸ್‌ಪೇಪರಿನ ಹಾಳೆ ಹರವಿತ್ತು. ಅದರ ಮೇಲೆ, ಜೋಳ ಸುಟ್ಟ ಒಲೆಯ ಬೂದಿಯಲ್ಲಿ ಹೊರಳಿಸಿದ ಬೀಜಗಳು ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ ಒಣಗುತ್ತಿದ್ದವು. ಪಕ್ಕದಲ್ಲಿ ಹಳದಿ ಬಟ್ಟೆಯ ಪಟ್ಟಿಯೂ ಮಡಿಸಿಟ್ಟಿತ್ತು.

“ಬಟ್ಟೆ ಕಟ್ಟಿದ ಹಣ್ಣು ಬೀಜದ್ದು ಅಂತ ನಂಗೊತ್ತಿಲ್ವಾ? ನಮ್ಮವ್ವ ಈರೇಕಾಯ್ಗೆ ಕಟ್ಟೋಳು. ಬೀಜದ ಹಣ್ಣ ಯಾರಾದ್ರೂ ದಾರೀಲಿ ಸಿಕ್ಕೋರ್ಗೆ ಕೊಟ್ಟಾರಾ? ನೀ ಕೊಟ್ಟಾಗ, ಎಂಥ ದೊಡ್ಡ ಮನಸ್ನೋಳಪ್ಪ ಇವ್ಳು ಅಂದ್ಕೊಂಡೆ. ನೋಡಿದ್ರೆ ದೊಡ್ಡ ಪೆದ್ದಿ!”

ಸುಷ್ಮಿತಾ ಅಳುತ್ತಲೇ ನಕ್ಕಳು. ಅವಳಿಗೆ ಚೆಲುವಮ್ಮನ ಕಾಲಿಗೆ ಬೀಳಬೇಕೆನಿಸಿತು. ಬಿದ್ದೇಬಿಟ್ಟಳು.

“ಏಳೆ ಸಾಕು. ಎಲ್ಲಾನೂ ತಗೊಂಡೋಗು. ತಪ್ಪಿ ಕೊಟ್ಟಿದ್ದೀಯ, ನಂಗೆ ಬ್ಯಾಡ” ಎಂದು ಚೆಲುವಮ್ಮ ಹಾಳೆಯನ್ನು ಮಡಿಸತೊಡಗಿದಳು. ನಗುತ್ತಿದ್ದ ಮುಖ ಆಗ ಸ್ವಲ್ಪ ಬಾಡಿದ್ದನ್ನು ಸುಷ್ಮಿತಾ ನೋಡಿದಳು.

ಹಾಳೆ ಕೈಗೆ ಬಂತು. ಅದನ್ನು ಬ್ಯಾಗಿನಲ್ಲಿಟ್ಟು ಹೊರಟಿದ್ದರೆ ಬೀರಮ್ಮನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಣ್ಣು ಬಿರಿದಿತ್ತು, ನಾನೇ ಬೀಜ ಎತ್ತಿದೆ ಎಂದರೆ ಮುಗಿಯಿತು, ಶಹಬಾಸ್‌ಗಿರಿಯೂ ಸಿಗುತ್ತಿತ್ತು. ಆದರೆ ಸುಷ್ಮಿತಾ ಹಾಳೆಯನ್ನು ಬಿಚ್ಚಿ, ನಡುವೆ ಮಡಿಸಿ, ಪರ್‍ರನೆ ಎರಡು ಹೋಳು ಮಾಡಿ ಒಂದನ್ನು ಚೆಲುವಮ್ಮನ ಕೈಗೆ ಕೊಟ್ಟಳು.

“ಬೆಳಗ್ಗೆ ತಪ್ಪಿ ಕೊಟ್ಟೆ. ಈಗ ಗೊತ್ತಿದ್ದು ಕೊಡ್ತಾ ಇದೀನಿ.”

ಚೆಲುವಮ್ಮ ಅದನ್ನೂ ಕಣ್ಣಿಗೆ ಒತ್ತಿಕೊಂಡಳು.

ಸಂಜೆ ಬೀರಮ್ಮ ಗಂಟು ಬಾಗಿಲಲ್ಲೇ ಎಸೆದು ನೇರ ತಾರಸಿಗೆ ಹೋದಳು. ಬರಿದಾದ ತೊಟ್ಟು ನೋಡಿ ತಿರುಗಿದಳು. ಸುಷ್ಮಿತಾ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಅರ್ಧ ಹಾಳೆ.

“ಅತ್ತೆ, ಫೋನಲ್ಲಿ ಸುಳ್ಳು ಹೇಳ್ದೆ. ಬೈರಿ, ಆದ್ರೆ ಪೂರ್ತಿ ಕೇಳಿ ಬೈರಿ.”

ಬೀರಮ್ಮ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದಳು. ಮುಡಿಪಿನ ಮಾತು ಬಂದಾಗ ತಲೆ ಮೇಲೆ ಕೈಹೊತ್ತಳು. ಪಂಚೆಯ ಯಜಮಾನರ ಮಾತು ಬಂದಾಗ ಅವಳ ತುಟಿ ಅಲುಗಿತು. ಅರ್ಧ ಹಾಳೆಯ ಮಾತು ಬಂದಾಗ ಮಾತ್ರ ಮುಖ ಗಟ್ಟಿಯಾಯಿತು.

“ಅರ್ಧವ ಗೊತ್ತಿದ್ದೂ ಕೊಟ್ಯಾ?”

“ಹೂಂ ಅತ್ತೆ.”

“ಮನೆ ಬೀಜ ಹೊರ್ಗೆ ಕೊಟ್ಟೋರು ಇದ್ವರ್ಗೂ ಯಾರೂ ಇಲ್ಲ ಈ ವಂಸ್ದಲ್ಲಿ. ಯಾಕೆ ಕೊಟ್ಟೆ?”

ಸುಷ್ಮಿತಾ ಹೇಳಿದಳು: “ಲ್ಯಾಬಲ್ಲಿ ಮುಖ್ಯವಾದ ಸ್ಯಾಂಪಲ್ ಇದ್ರೆ ಒಂದೇ ಫ್ರಿಜ್ಜಲ್ಲಿ ಇಡಲ್ಲ ಅತ್ತೆ. ಎರಡು ಕಡೆ ಇಡ್ತೀವಿ. ಒಂದು ಕೆಟ್ರೆ ಇನ್ನೊಂದಿರುತ್ತೆ. ಹೋದ ಮಳೆಗಾಲದಲ್ಲಿ ಬೂಷ್ಟು ಹಿಡಿದಾಗ ನಮಗೆ ಕೇಳೋಕೆ ಒಂದು ಮನೇನೂ ಇರ್ಲಿಲ್ಲ. ಇನ್ಮೇಲೆ ಬೆಟ್ಟದ ಮೇಲೆ ಒಂದು ಮನೆ ಇರುತ್ತೆ.”

ಬೀರಮ್ಮ ಎದ್ದು ಕೆಳಗೆ ಹೋದಳು. ಟ್ರಂಕಿನ ಬೀಗ ಕಟಕ್ ಎಂದದ್ದು ಮೇಲಕ್ಕೆ ಕೇಳಿಸಿತು. ವಾಪಸ್ ಬಂದವಳ ಕೈಯಲ್ಲಿ ಪೌಡರ್ ಡಬ್ಬಿ ಇತ್ತು. ಅದನ್ನು ಸುಷ್ಮಿತಾಳ ಕೈಗೆ ತುರುಕಿ, “ತಗೊ. ಮೇಲ್ಗಡೆ ಏನಾರ ಚೀಟಿ ಅಂಟ್ಸು. ಇಲ್ದಿದ್ರೆ ನೀ ಇದ್ನೂ ಎತ್ಕೊಂಡೋಗಿ ಯಾವ್ದಾದ್ರೂ ಗುಡಿಗೆ ಕೊಟ್ಟೀಯ” ಎಂದಳು. ಹೇಳುತ್ತಾ ಹೇಳುತ್ತಾ ನಗು ತಡೆಯಲಾಗದೆ ತೊಟ್ಟಿ ಹಿಡಿದುಕೊಂಡಳು. ಅವತ್ತು ಅತ್ತೆ ಸೊಸೆ ನಕ್ಕ ನಗುವಿಗೆ ವಿಜಯ್‌ಕುಮಾರ್ ಎದ್ದು ಬಂದು, “ಏನಾಯ್ತು? ನಂಗ್ಯಾರೂ ಏನೂ ಹೇಳಲ್ಲ” ಎಂದು ಮುನಿಸಿಕೊಂಡ.

ಮುಂದಿನ ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಗೋಕುಲಂ ತಾರಸಿಯಲ್ಲಿ ಹನ್ನೊಂದು ಗಿಡ. ನಂದಿಯ ಹತ್ತಿರ ಚೆಲುವಮ್ಮನ ಗಾಡಿಯ ಪಕ್ಕ ಎಣ್ಣೆಯ ಟಿನ್ನಿನಲ್ಲಿ ಒಂದು ಗಿಡ, ಮಿಕ್ಕವು ಅವಳ ಮನೆಯ ಹಿತ್ತಿಲಲ್ಲಿ. ಟಿನ್ನಿನ ಗಿಡದ ದೊಡ್ಡ ಹಣ್ಣಿಗೆ ಚೆಲುವಮ್ಮ ಹಳದಿ ಬಟ್ಟೆ ಕಟ್ಟಿದ್ದಳು. ಅದನ್ನು ಕಂಡ ಭಕ್ತರು ಏನೋ ಇರಬೇಕೆಂದು ತಾವೂ ಒಂದೊಂದು ಹಳದಿ ಪಟ್ಟಿ ಕಟ್ಟಿ, ಕುಂಕುಮ ಹಚ್ಚಿ ಕೈಮುಗಿದು ಹೋಗುತ್ತಿದ್ದರು. “ಗಿಡಕ್ಕೆ ಉಸ್ರಾಡಾಕೂ ಬುಡ್ತಿಲ್ವಲ್ಲಪ್ಪ ಇವ್ರು!” ಎಂದು ಚೆಲುವಮ್ಮ ದಿನಾ ಬಟ್ಟೆ ಬಿಚ್ಚಿ ಬಿಚ್ಚಿ ಸುಸ್ತಾಗಿದ್ದಳು. ಕೊನೆಗೆ ಸುಷ್ಮಿತಾ ಲ್ಯಾಬಿನ ಲೇಬಲ್ಲಿನಲ್ಲಿ ದಪ್ಪಕ್ಷರದಲ್ಲಿ ಬರೆದು ತಂದು ಅಂಟಿಸಿದಳು: ‘ಬೀಜಕ್ಕೆ ಬಿಟ್ಟಿದೆ. ಮುಡಿಪಲ್ಲ.’

ಅವತ್ತು ಊಟ ಅಲ್ಲೇ. ಜೋಳ ಸುಡುವ ಕೆಂಡದ ಮೇಲೆ ಗೋಕುಲಂನ ಎರಡು ಹಣ್ಣು, ಹಿತ್ತಿಲಿನ ಎರಡು ಹಣ್ಣು ಒಟ್ಟಿಗೆ ಬೆಂದವು. ಬೂದಿ ಎಷ್ಟು ಹಾಕಿ ಬೀಜ ಒಣಗಿಸಬೇಕೆಂದು ಬೀರಮ್ಮನಿಗೂ ಚೆಲುವಮ್ಮನಿಗೂ ಜಗಳ ಹತ್ತಿತ್ತು, ಇಬ್ಬರೂ ಸೋಲಲೊಲ್ಲರು. ಗೊಜ್ಜು ಕಿವುಚಿದ್ದು ಸುಷ್ಮಿತಾ. ಮನೆಯಿಂದ ಕ್ಯಾರಿಯರಿನಲ್ಲಿ ತಂದ ಮುದ್ದೆ ಇನ್ನೂ ಬಿಸಿಯಾಗಿಯೇ ಇತ್ತು.

ಚೆಲುವಮ್ಮ ಯಾರೋ ಗಿರಾಕಿಗೆ, “ಇವ್ಳೇ ನೋಡಿ ಬೀಜದ ಹಣ್ಣ ಪ್ರಸಾದ ಅಂತ ಕೊಟ್ಟೋಳು!” ಎಂದು ನೂರನೇ ಸಲ ಕತೆ ಶುರುಮಾಡಿದಳು.

“ಬಸ್ಸಿನ ಕಿಟ್ಕೀಲಿ ಅಷ್ಟು ಕೂಗಿ ಹೇಳಿದ್ರೂ ಇವ್ಳ ಕಿವಿಗೆ ಹೋಗಿಲ್ಲ” ಎಂದಳು ಬೀರಮ್ಮ.

“ಹಾರನ್ ಹೊಡೆದ ಅತ್ತೆ, ಮಧ್ಯದಲ್ಲಿ ಒಂದು ಮಾತು ಕೇಳಿಸ್ಲಿಲ್ಲ. ಬೀಜಕ್ಕೆ ಅನ್ನೋ ಮಾತು ಕೇಳಿಸಿದ್ದಿದ್ರೆ ನಾನ್ಯಾಕೆ ಕೀಳ್ತಿದ್ದೆ?”

“ಬೀಜಕ್ಕೆ ಅಂತ ಎಲ್ಲಿ ಅಂದೆ? ಬಟ್ಟೆ ಕಂಡ್ರೆ ಗೊತ್ತಾಗಾಕಿಲ್ವಾ?” ಬೀರಮ್ಮ ಮುದ್ದೆ ಮುರಿಯುತ್ತಾ, ತಟ್ಟೆಯಿಂದ ತಲೆಯೆತ್ತದೆ ಹೇಳಿದಳು. “ನಿಂಗೆ ಅಂದೆ. ಅದು ನಿಂಗೆ ಬುಟ್ಟಿರೋದು ಕಣವ್ವ ಅಂದೆ. ಯುಗಾದಿ ದಿನ ಡಬ್ಬಿ ನಿನ್ನ ಕೈಗೆ ಕೊಡ್ಬೇಕು ಅಂತಿದ್ದೆ. ಖಾಲಿ ಡಬ್ಬಿ ಕೊಡಾಕಾಯ್ತದಾ?”

ಸುಷ್ಮಿತಾಳ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಕಣ್ಣು ತುಂಬಿ, ತಟ್ಟೆ, ಕೆಂಡ, ನಂದಿ ಎಲ್ಲ ಮಸುಕಾದವು.

“ಯಾಕವ್ವ, ಖಾರ ಜಾಸ್ತಿಯಾಯ್ತಾ?” ಎಂದಳು ಚೆಲುವಮ್ಮ.

“ಖಾರ ಸರಿಯಾಗಿದೆ. ಖುಷಿ ಜಾಸ್ತಿಯಾಯ್ತು.”

ಬೀರಮ್ಮ ಸೊಸೆಯ ತಟ್ಟೆಯನ್ನು ಒಮ್ಮೆ ನೋಡಿ, ಕ್ಯಾರಿಯರನ್ನು ಅವಳ ಕಡೆಗೆ ತಳ್ಳಿದಳು.

“ಅಂಗಾರೆ ಇನ್ನೊಂದು ಮುದ್ದೆ ಹಾಕ್ಕೊ.”